ಚದುರಂಗದ ಜೋಳ: ಇಪ್ಪತ್ತು ಅಂಕಿಯ ಸಂಖ್ಯೆಯನ್ನು ಬಿಡಿಸುವ ಬಗೆ

ಚದುರಂಗದ ಮೊದಲ ಮನೆಗೆ ಒಂದು ಕಾಳು ಜೋಳ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ 64 ಮನೆ ತುಂಬಿದರೆ ಒಟ್ಟು ಕಾಳು 2⁶⁴ − 1, ಅಂದರೆ 18446744073709551615. ಸಾವಿರ ಕಾಳಿಗೆ 30 ಗ್ರಾಂ ಹಿಡಿದರೂ ಸುಮಾರು ಐದೂವರೆ ಲಕ್ಷ ಕೋಟಿ ಕ್ವಿಂಟಲ್. ವಿಜಯಪುರದ ಎಷ್ಟು ಸುಗ್ಗಿ ಕೂಡಿದರೂ ಸಾಲದು. ಆದರೂ ಈ ಸಂಖ್ಯೆಯ ಗುಣಗಳನ್ನೆಲ್ಲ ಕಾಗದ, ಪೆನ್ಸಿಲ್ಲಿನಲ್ಲೇ ತೆಗೆಯಬಹುದು.

ಮೊದಲು ಸಂಖ್ಯೆಯನ್ನು ಕಟ್ಟಿಕೊಳ್ಳಿ. 2ರಿಂದ ಶುರುಮಾಡಿ ಆರು ಸಲ ವರ್ಗ ಮಾಡಿ: 4, 16, 256, 65536, 4294967296, ಕೊನೆಗೆ 2⁶⁴. ಘಾತ ಸಮವಾದರೆ ಅರ್ಧ ಮಾಡಿ ವರ್ಗ, ಬೆಸವಾದರೆ ಒಂದು ಕಳೆದು ಗುಣಾಕಾರ ಎನ್ನುವ ಈ ಕ್ರಮ ಭಾಸ್ಕರಾಚಾರ್ಯರ ಲೀಲಾವತಿಯಲ್ಲೇ ಇದೆ. ಅವರ ಊರಾದ ವಿಜ್ಜಡವಿಡವೇ ವಿಜಯಪುರ ಎನ್ನುವ ವಿದ್ವಾಂಸರೂ ಇದ್ದಾರೆ. ಇಲ್ಲಿ ಎಕ್ಸೆಲ್ ನಂಬಬೇಡಿ. ಅದು 15 ಅಂಕಿಯಷ್ಟೇ ಉಳಿಸಿಕೊಂಡು 18446744073709600000 ಎಂದು ತೋರಿಸುತ್ತದೆ. ಬಾಲವೇ ಹೋದ ಮೇಲೆ ಭಾಗಾಕಾರದ ಪರೀಕ್ಷೆಗಳೆಲ್ಲ ಸುಳ್ಳಾಗುತ್ತವೆ.

ಇನ್ನು ಸಣ್ಣ ಪರೀಕ್ಷೆಗಳು. ಅಂಕಿಗಳ ಮೊತ್ತ 87, ಹಾಗಾಗಿ 3ರಿಂದ ಭಾಗವಾಗುತ್ತದೆ, 9ರಿಂದ ಇಲ್ಲ. ಕೊನೆಯ ಅಂಕಿ 5, ಆದ್ದರಿಂದ 5ರಿಂದಲೂ ಆಗುತ್ತದೆ. 7, 11, 13 ಮೂರಕ್ಕೂ ಒಂದೇ ಲೆಕ್ಕ ಸಾಕು, ಏಕೆಂದರೆ ಅವುಗಳ ಗುಣಲಬ್ಧ 1001. ಬಲದಿಂದ ಮೂರು ಮೂರು ಅಂಕಿ ಕಡಿದು ಕಳೆದು ಕೂಡಿಸುತ್ತ ಹೋಗಿ: 615 − 551 + 709 − 073 + 744 − 446 + 18 = 1016. ಅದರಲ್ಲಿ 1001 ಕಳೆದರೆ 15. ಅದು 7, 11, 13 ಯಾವುದರಿಂದಲೂ ಭಾಗವಾಗದು. ಹೆಚ್ಚಿನವರು ತಪ್ಪುವುದು ಇಲ್ಲೇ: ಲಕ್ಷ, ಕೋಟಿಯ ಅಲ್ಪವಿರಾಮ ಹಾಕಿದ ಸಂಖ್ಯೆಯನ್ನು ಹಾಗೆಯೇ ತೆಗೆದುಕೊಂಡರೆ ಎರಡೆರಡು ಅಂಕಿಯ ತುಂಡು ಬಂದು ಲೆಕ್ಕ ಕೆಡುತ್ತದೆ. ವಿರಾಮ ಅಳಿಸಿ ಹೊಸದಾಗಿ ಕಡಿಯಿರಿ.

ಅಪವರ್ತನ ಹುಡುಕಲು 7, 17, 19 ಎಂದು ಒಂದೊಂದನ್ನೇ ಭಾಗಿಸುತ್ತ ಕೂತರೆ ದಿನ ಸಾಲದು. ಸಂಖ್ಯೆ ಹುಟ್ಟಿದ ಬಗೆಯನ್ನೇ ಹಿಡಿಯಿರಿ. a² − b² ಸೂತ್ರವನ್ನು ಮತ್ತೆ ಮತ್ತೆ ಹಾಕಿದರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ:

3 × 5 × 17 × 257 × 65537 × 4294967297

ಮೊದಲ ಐದೂ ಅವಿಭಾಜ್ಯ. ಕೊನೆಯದೂ ಅವಿಭಾಜ್ಯವೆಂದೇ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಅದನ್ನು ಒಡೆದರು. ಅದರ ಅವಿಭಾಜ್ಯ ಅಪವರ್ತನಗಳನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641 ಹೀಗೆ ಬರುತ್ತವೆ. ಮೊದಲ ನಾಲ್ಕರಿಂದ ಅದು ಭಾಗವಾಗದು. ಹತ್ತಂಕಿಯ ಸಂಖ್ಯೆಯನ್ನು ಭಾಗಿಸದೆ ಶೇಷದಲ್ಲೇ ನಡೆಯಿರಿ: 65536ನ್ನು 641ರಿಂದ ಭಾಗಿಸಿದರೆ ಶೇಷ 154. 154ರ ವರ್ಗ 23716, ಅದರ ಶೇಷ 640. ಅದಕ್ಕೆ 1 ಕೂಡಿಸಿದರೆ 641, ಅಂದರೆ ಪೂರ್ತಿ ಭಾಗ. ಇನ್ನೊಂದು ಅಪವರ್ತನ 6700417. ಇಂಥ ಸೊಗಸಾದ ಲೆಕ್ಕ ಕಡಿಮೆ.

6700417 ಅವಿಭಾಜ್ಯವೇ ಎಂದು ನೋಡಲು ಅದರ ವರ್ಗಮೂಲ 2588ರವರೆಗೆ ಹೋದರೆ ಸಾಕು. ಅದೇ ನಿಯಮದಂತೆ ಉಳಿಯುವವು 641, 769, 1153, 1217, 1409, 1601, 2113 ಮಾತ್ರ. ಏಳನ್ನೂ ಭಾಗಿಸಿ ನೋಡಿ, ಪ್ರತಿ ಸಲವೂ ಶೇಷ ಉಳಿಯುತ್ತದೆ.

ಹಾಗಾಗಿ ಏಳು ಬೇರೆ ಬೇರೆ ಅವಿಭಾಜ್ಯಗಳು, ಒಟ್ಟು ಭಾಜಕಗಳು 2⁷ = 128. ಯಾವ ಅವಿಭಾಜ್ಯವೂ ಎರಡು ಸಲ ಬಾರದ್ದರಿಂದ ಇದು ವರ್ಗಸಂಖ್ಯೆಯೂ ಅಲ್ಲ, ಘನವೂ ಅಲ್ಲ.

ತಾಳೆ ನೋಡಲು 9ಕ್ಕಿಂತ 11 ಮೇಲು. ಪಕ್ಕದ ಎರಡು ಅಂಕಿ ಅದಲುಬದಲಾದರೆ 9ರ ತಾಳೆಗೆ ತಿಳಿಯುವುದೇ ಇಲ್ಲ, 11 ಹಿಡಿದುಬಿಡುತ್ತದೆ. 3, 5, 17, 257, 641, 65537, 6700417 ಇವುಗಳ 11ರ ಶೇಷ ಕ್ರಮವಾಗಿ 3, 5, 6, 4, 3, 10, 9. ಗುಣಿಸುತ್ತ 11ನ್ನು ತೆಗೆಯುತ್ತ ಹೋದರೆ ಕೊನೆಗೆ 4 ಬರಬೇಕು. ಮೇಲೆ ಉಳಿದ 15ರಲ್ಲಿ 11 ಕಳೆದರೂ 4.