ಅರ್ಧ ಗುಂಡಿ, ಪೂರ್ತಿ ಕೂಲಿ

ನಾನು ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಅಂದರೆ ಅಂಗವಿಕಲರಿಗೆ ನೆರವಾಗುವ ಕೆಲಸ. ನನ್ನ ಎಡಗಾಲಿಗೂ ಪೋಲಿಯೊ ಆಗಿದೆ. ಪಿಂಚಣಿ, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಬಸ್ ಪಾಸು ಮಾಡಿಸಿಕೊಟ್ಟರೆ ನನ್ನ ಕೆಲಸ ಮುಗೀತು ಅಂದುಕೊಂಡಿದ್ದೆ. 2023ರ ಬೇಸಿಗೆಯಲ್ಲಿ ಎರಡೂ ಕಣ್ಣು ಕಾಣದ ಅಣ್ಣ ಒಬ್ಬರು ಬಂದು, "ತಂಗಿ, ಪಿಂಚಣಿ ಸಾಲಂಗಿಲ್ಲ. ನನಗ ಖಾತ್ರಿ ಕೆಲಸ ಕೊಡಸ್ತಿ ಏನು?" ಅಂದರು. ಖಾತ್ರಿ ಅಂದರೆ ಉದ್ಯೋಗ ಖಾತ್ರಿ ಯೋಜನೆ, ನರೇಗಾ.

ಮನೆಯ ಜಾಬ್ ಕಾರ್ಡಿನಲ್ಲಿ ಹೆಂಡತಿಯ ಹೆಸರಿತ್ತು, ತಮ್ಮನ ಹೆಸರಿತ್ತು. ಅವರದ್ದೇ ಇರಲಿಲ್ಲ. ಕಾಣದವನಿಗೆ ಯಾಕೆ ಅಂತ ಮನೆಯವರೇ ಬಿಟ್ಟಿದ್ದರು. ಹೆಸರು ಸೇರಿಸಿ, ಕೆಲಸ ಕೇಳುವ ಅರ್ಜಿ ನಮೂನೆ 6 ತುಂಬಿದೆವು. ರಸೀದಿ ಕೇಳಿ ಪಡೆದೆವು. ಈ ರಸೀದಿ ಬಿಡಬೇಡಿ. 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳಲು ಅದೇ ಆಧಾರ.

ಅಂಗವಿಕಲರಿಗೆ ಕೆಲಸದ ಅಳತೆಯಲ್ಲಿ ಶೇ 50 ರಿಯಾಯಿತಿ ಇದೆ. ಅರ್ಧ ಮಣ್ಣು ತೆಗೆದರೂ ಪೂರ್ತಿ ಕೂಲಿ, ಆಗ ದಿನಕ್ಕೆ 316 ರೂಪಾಯಿ. ಅದನ್ನೇ ನಂಬಿ ಅಣ್ಣನೂ ಸೇರಿ ಅಂಥ ನಾಲ್ಕು ಜನರನ್ನು ಕೆರೆ ಹೂಳೆತ್ತುವ ಗುಂಪಿಗೆ ಸೇರಿಸಿದೆ. ತಪ್ಪಾಗಿದ್ದು ಅಲ್ಲೇ. ಎಲ್ಲರದ್ದೂ ಒಂದೇ ಹಾಜರಿ ಪಟ್ಟಿ. ತೆಗೆದ ಮಣ್ಣನ್ನೆಲ್ಲ ಒಟ್ಟಿಗೆ ಅಳೆದು ತಲೆಗೆ ಹಂಚಿದಾಗ ಪ್ರತಿಯೊಬ್ಬರ ಕೂಲಿಯೂ ಕಮ್ಮಿ ಬಂತು. "ನಿಮ್ಮ ಸಲುವಾಗಿ ನಮ್ಮ ರೊಕ್ಕ ಹೋತು" ಅಂತ ಜಗಳ ಆಯಿತು. ಅಣ್ಣ ಏನೂ ಮಾತಾಡಲಿಲ್ಲ. ಮರುದಿನ ಬರಲೂ ಇಲ್ಲ. ಗುಂಪಿನವರ ಸಿಟ್ಟನ್ನು ನಾನು ತಪ್ಪು ಅನ್ನಲಾರೆ, ಅವರೂ ಬಡವರೇ ಅಲ್ವಾ. ರಿಯಾಯಿತಿ ಕಾಗದದಲ್ಲಿ ಇದ್ದರೆ ಸಾಲದು, ಅಳತೆಯಲ್ಲಿ ಕಾಣಬೇಕು.

ಎಂಜಿನಿಯರ್ ಮತ್ತು ಕಾಯಕ ಬಂಧು (ಕೂಲಿಕಾರರ ಗುಂಪಿನ ಮುಂದಾಳು) ಜೊತೆ ಕೂತು ಮಾತಾಡಿದೆ. ರಿಯಾಯಿತಿ ಇರುವವರಿಗೆ ಬೇರೆ ಹಾಜರಿ ಪಟ್ಟಿ ತೆಗೆಸಿದೆವು. ಅವರ ಗುಂಡಿಗಳಿಗೆ ಬೇರೆಯಾಗಿ, ಅರ್ಧ ಅಳತೆಗೆ ಸುಣ್ಣದ ಪುಡಿ ಹಾಕಿಸಿದೆವು. ಗುಂಪಿನ ಎದುರಿಗೇ ಟೇಪು ಹಿಡಿದು ಅಳೆಸಿದೆ. ಅವತ್ತಿಂದ ಜಗಳ ನಿಂತಿತು. ಅಣ್ಣನ ಮನೆಗೆ ಮೂರು ಸಲ ಹೋಗಿ ಕರೆದುಕೊಂಡು ಬಂದೆ.

ಅಣ್ಣನಿಗೆ ಸುಣ್ಣದ ಗೆರೆ ಕಾಣುವುದಿಲ್ಲವಲ್ಲ. ನಾಲ್ಕು ಗೂಟ ಹೊಡೆದು ಸುತ್ತ ಹಗ್ಗ ಕಟ್ಟಿದೆವು. ಅಂಗಾಲಿನಿಂದ ಹಗ್ಗ ಮುಟ್ಟಿ ನೋಡಿ ಅಗೆಯುತ್ತಾರೆ. ಪುಟ್ಟಿ ತುಂಬಿತಾ ಅಂತ ಕೈ ಆಡಿಸಿ ನೋಡುತ್ತಾರೆ. ತುಂಬಿದರೆ ಸಲಿಕೆಯಿಂದ ಅಂಚಿಗೆ ಎರಡು ಸಲ ಟಣ್ ಟಣ್ ಅನ್ನಿಸುತ್ತಾರೆ. ಹೆಂಡತಿ ಬಂದು ಹೊರುತ್ತಾರೆ. ಮೂರನೇ ದಿನದ ಹೊತ್ತಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ.

ಕಿವಿ ಕೇಳದ ಹೆಣ್ಣುಮಗಳ ತೊಂದರೆ ಬೇರೆ. ಹಾಜರಿಗೆ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೊ ತೆಗೆಯಬೇಕು. ಎರಡನೇ ಫೋಟೊಗೆ ಕೂಗಿದ್ದು ಆಕೆಗೆ ಕೇಳಿಸಲಿಲ್ಲ, ಅವತ್ತಿನ ಹಾಜರಿ ಹೋಯಿತು. ಆಮೇಲೆ ಕಾಯಕ ಬಂಧು ಕೆಂಪು ಟವೆಲ್ ಬೀಸತೊಡಗಿದರು. ಈಗ ಎಲ್ಲರೂ ಕೂಗಿಗಿಂತ ಟವೆಲನ್ನೇ ನೋಡುತ್ತಾರೆ.

ಕೆಲಸ ಮಾಡಿದರೂ ಹಣ ಕೈಗೆ ಬರುವುದು ಇನ್ನೊಂದು ಪಾಡು. ಕುಷ್ಠರೋಗದಿಂದ ಬೆರಳು ಸವೆದ ಅಜ್ಜನ ಹೆಬ್ಬೆಟ್ಟನ್ನು ಊರಿನಲ್ಲಿ ಹಣ ಕೊಡುವ ಬೆರಳಚ್ಚು ಯಂತ್ರ ತೆಗೆದುಕೊಳ್ಳಲಿಲ್ಲ. ಬ್ಯಾಂಕಿಗೇ ಕರೆದುಕೊಂಡು ಹೋಗಿ ಚೀಟಿ ತುಂಬಿ ತೆಗೆಸಿದೆ. ಎರಡು ಬಸ್ಸು, ಇಡೀ ಒಂದು ದಿನ, ಅಂದರೆ ಅಜ್ಜನ ಒಂದು ದಿನದ ಕೂಲಿ. ಇದಕ್ಕೆ ಊರಲ್ಲೇ ದಾರಿ ಆಗಬೇಕು ಅಂತ ಪ್ರತಿ ಗ್ರಾಮ ಸಭೆಯಲ್ಲೂ ಕೇಳುತ್ತಿದ್ದೇನೆ.

ಬುದ್ಧಿಮಾಂದ್ಯ ಹುಡುಗ ಒಬ್ಬನಿಗೆ ಮಾತ್ರ ಹೊಂದುವ ಕೆಲಸ ಸಿಕ್ಕಿಲ್ಲ. ಎರಡು ದಿನ ಬಂದ. ಬಿಸಿಲು, ಗದ್ದಲಕ್ಕೆ ಗಾಬರಿಯಾಗಿ ಅತ್ತ. ಸಸಿ ಚೀಲಕ್ಕೆ ಮಣ್ಣು ತುಂಬುವ ಕೆಲಸ ನೆರಳಲ್ಲಿ ಇರುತ್ತದೆ. ಅದು ಬಂದರೆ ಮೊದಲ ಫೋನ್ ನಿಮಗೇ ಅಂತ ಅವನ ಅವ್ವನಿಗೆ ಹೇಳಿ ಬಂದಿದ್ದೇನೆ.