ಬರ್ಥಡ್ ಪಾಸ್‌ನಲ್ಲಿ ಹಿಮಕುಸಿತದ ಅಪಾಯವನ್ನು ನಾನು ಅಂದಾಜಿಸುವ ಬಗೆ

ಕೆಲಸದ ನಿಮಿತ್ತ ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್‌ಗೆ ಬಂದು ನೆಲೆಸಿದ ನಾನು ಚಳಿಗಾಲದಲ್ಲಿ ಹೆಚ್ಚಾಗಿ ಸ್ಕೀಯಿಂಗ್ ಮಾಡುವುದು 3,446 ಮೀಟರ್ ಎತ್ತರದ ಕಣಿವೆದಾರಿಯಾದ ಬರ್ಥಡ್ ಪಾಸ್‌ನ ಸುತ್ತಲಿನ ಬೆಟ್ಟಗಳಲ್ಲಿ. ಇಲ್ಲಿದ್ದ ಸ್ಕೀ ರೆಸಾರ್ಟ್ 2001ರಲ್ಲಿ ಮುಚ್ಚಿತು. ಸ್ಕೀ ಮಾಡುವವರನ್ನು ಮೇಲಕ್ಕೆ ಒಯ್ಯುವ ಲಿಫ್ಟ್ ಈಗ ಇಲ್ಲ. ಇಳಿಜಾರನ್ನು ಬೆಳಿಗ್ಗೆ ಪರೀಕ್ಷಿಸಿ, ಇಳಿಯಬಹುದೆಂದು ಹೇಳುವ ಸಿಬ್ಬಂದಿಯೂ ಇಲ್ಲ. ಆ ನಿರ್ಧಾರ ಹತ್ತಿ ಹೋಗುವವರದೇ.

ಕೊಲರಾಡೊದ ಹಿಮದ ತೊಂದರೆ ಅಕ್ಟೋಬರ್, ನವೆಂಬರ್‌ನಲ್ಲೇ ಆರಂಭವಾಗುತ್ತದೆ. ಮೊದಲು ಬಿದ್ದ ತೆಳುವಾದ ಹಿಮದ ಬುಡ ನೆಲದ ಶಾಖದಿಂದ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಅದರ ಮೇಲ್ಮೈ ಮೋಡವಿಲ್ಲದ ರಾತ್ರಿಗಳಲ್ಲಿ ತೀರ ತಣ್ಣಗಾಗುತ್ತದೆ. ಈ ಅಂತರದಿಂದಾಗಿ ನೀರಾವಿ ಹಿಮದೊಳಗೇ ಮೇಲಕ್ಕೆ ಸರಿದು, ಕಣಗಳು ಒಂದಕ್ಕೊಂದು ಅಂಟಿಕೊಳ್ಳದ ದಪ್ಪ ರವೆಯಂತಾಗುತ್ತವೆ. ಆಮೇಲಿನ ಬಿರುಗಾಳಿಗಳು ತಂದ ಹಿಮ ಇದರ ಮೇಲೆ ಸ್ಲ್ಯಾಬ್ ಆಗಿ, ಅಂದರೆ ಒಂದೇ ಗಟ್ಟಿ ಹಲಗೆಯಂತೆ, ಬಿಗಿದುಕೊಳ್ಳುತ್ತದೆ. ಬಿಸಿಲು ಕಡಿಮೆ ಬೀಳುವ ಉತ್ತರ ಮತ್ತು ಈಶಾನ್ಯ ದಿಕ್ಕಿನ ಇಳಿಜಾರುಗಳಲ್ಲಿ ಈ ದುರ್ಬಲ ಪದರ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿದುಬಿಡುತ್ತದೆ.

ಹಿಂದಿನ ಸಂಜೆ ಕೊಲರಾಡೊ ಅವಲಾಂಚ್ ಇನ್ಫರ್ಮೇಶನ್ ಸೆಂಟರ್‌ನ ಹಿಮಕುಸಿತದ ಮುನ್ಸೂಚನೆ ಓದುತ್ತೇನೆ. ಅಪಾಯದ ಮಟ್ಟವನ್ನು 1ರಿಂದ 5ರವರೆಗೆ ಸೂಚಿಸುತ್ತಾರೆ. 3 ಎಂದರೆ ನಡುವಿನದು ಎಂದು ಭಾವಿಸುವುದು ಸುಲಭ. ಆದರೆ ಆ ಮಟ್ಟದಲ್ಲಿ ಮನುಷ್ಯನ ಭಾರಕ್ಕೇ ಹಿಮ ಜಾರುವ ಸಂಭವ ಹೆಚ್ಚು. ಅಂಕಿಗಿಂತಲೂ ಯಾವ ಬಗೆಯ ತೊಂದರೆ, ಯಾವ ದಿಕ್ಕಿನಲ್ಲಿ, ಯಾವ ಎತ್ತರದಲ್ಲಿದೆ ಎಂಬ ವಿವರವೇ ನನಗೆ ಮುಖ್ಯ.

ಹತ್ತುವಾಗ ಹೊಸದಾಗಿ ಕುಸಿದ ಗುರುತುಗಳನ್ನು, ಗಾಳಿ ಹಿಮವನ್ನು ಯಾವ ಮಗ್ಗುಲಿಗೆ ಒಯ್ದು ಪೇರಿಸಿದೆ ಎಂಬುದನ್ನು ನೋಡುತ್ತಾ ಹೋಗುತ್ತೇನೆ. ಕಾಲಡಿಯ ಹಿಮ ‘ಧುಮ್’ ಎಂದು ಕುಸಿದು ಕೂತರೆ, ಅಥವಾ ಸ್ಕೀ ತುದಿಯಿಂದ ಬಿರುಕು ಮುಂದಕ್ಕೆ ಓಡಿದರೆ, ಅಪಾಯವಿದೆಯೆಂದು ತಿಳಿಯಲು ಹೆಚ್ಚಿನ ಪರೀಕ್ಷೆಯೇ ಬೇಕಿಲ್ಲ.

ಅಂಥ ಸೂಚನೆ ಇಲ್ಲದಿದ್ದಾಗ ಗುಂಡಿ ತೋಡುತ್ತೇನೆ. 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಹಿಮದ ಕಂಬವನ್ನು ಬಿಡಿಸಿ, ಒಂದು ತುದಿಯಲ್ಲಿ ಸಲಿಕೆಯನ್ನಿಟ್ಟು, ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಸಲ ತಟ್ಟಬೇಕು. ಬಿರುಕು ಹುಟ್ಟಿದ ತಟ್ಟಿನಲ್ಲೇ, ಇಲ್ಲವೇ ಮರುತಟ್ಟಿನಲ್ಲೇ ಅದು ಇಡೀ ಅಗಲವನ್ನು ದಾಟಿದರೆ ಆ ಇಳಿಜಾರಿಗೆ ನಾನು ಹೋಗುವುದಿಲ್ಲ. ದಾಟದಿದ್ದರೂ ಅದನ್ನು ಒಪ್ಪಿಗೆಯೆಂದು ತಿಳಿಯುವುದಿಲ್ಲ. ನಾಲ್ಕು ಮಾರು ಆಚೆ, ಬಂಡೆಯ ಬಳಿ ಹಿಮ ತೆಳುವಾಗಿರುವಲ್ಲಿ, ಪದರದ ಸ್ಥಿತಿ ಬೇರೆಯೇ ಇರಬಹುದು. ಮನಸ್ಸು ಬದಲಿಸಿ ಹಿಂದಿರುಗಲು ಗುಂಡಿಯನ್ನು ನಂಬಬಹುದು, ಮುನ್ಸೂಚನೆಯನ್ನು ಮೀರಿ ಮುಂದೆ ಹೋಗಲು ನಂಬಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ನಿಜವಾಗಿ ನೆಚ್ಚಿಕೊಂಡಿರುವುದು ಇಳಿಜಾರಿನ ಕೋನವನ್ನು. ಸ್ಲ್ಯಾಬ್ ಕುಸಿತಗಳು ಬಹುಪಾಲು ಹುಟ್ಟುವುದು 30ರಿಂದ 45 ಡಿಗ್ರಿಯ ನಡುವೆ. ದುರ್ಬಲ ಪದರ ಇರುವಷ್ಟು ಕಾಲ 30 ಡಿಗ್ರಿಗಿಂತ ಕಡಿಮೆ ಕೋನವಿರುವ, ಮೇಲೆ ಕಡಿದಾದ ಇಳಿಜಾರೂ ಇಲ್ಲದ ಜಾಗವನ್ನೇ ಆರಿಸುತ್ತೇನೆ. ಏಕೆಂದರೆ ಕೆಳಗಿನ ಸಮತಟ್ಟಿನಲ್ಲಿ ನಡೆಯುವವರ ಭಾರವೂ ಮೇಲಿನ ಹಿಮವನ್ನು ಸಡಿಲಿಸಬಲ್ಲದು. ಕೋನವನ್ನು ಬಣ್ಣಗಳಲ್ಲಿ ತೋರಿಸುವ ನಕ್ಷೆಯಲ್ಲಿ ಸಣ್ಣ ಕಡಿದಾದ ತಿರುವುಗಳು ಕಾಣಿಸುವುದಿಲ್ಲವಾದ್ದರಿಂದ ಸ್ಥಳದಲ್ಲೂ ಕೋನವನ್ನು ಅಳೆಯುತ್ತೇನೆ.

ಬೀಕನ್ (ಹಿಮದಡಿ ಹೂತವರನ್ನು ಪತ್ತೆಹಚ್ಚಲು ರೇಡಿಯೊ ಸಂಕೇತ ಕಳುಹಿಸುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ ಪ್ರತಿಯೊಬ್ಬರಲ್ಲೂ ಇರುತ್ತವೆ. ಹೊರಡುವ ಮುನ್ನ ಎಲ್ಲರ ಬೀಕನ್‌ಗಳೂ ಸಂಕೇತ ಕಳುಹಿಸುತ್ತಿವೆಯೇ ಎಂದು ಪರೀಕ್ಷಿಸುತ್ತೇವೆ. ಇಳಿಯುವಾಗ ಒಬ್ಬರ ನಂತರ ಒಬ್ಬರು ಇಳಿಯುತ್ತೇವೆ, ಉಳಿದವರು ಅವರ ಮೇಲೆ ಕಣ್ಣಿಟ್ಟಿರುತ್ತಾರೆ. ನಮ್ಮಲ್ಲಿ ಯಾರೇ ಬೇಡವೆಂದರೂ ಕಾರಣ ಕೇಳದೆ ಎಲ್ಲರೂ ಹಿಂದಿರುಗುತ್ತೇವೆ.