ಕೇಸ್ ಸ್ಟಡಿ: ಗೆರೆ ಎಳೆದರೆ ಸಾಲದು, ಲೆಕ್ಕ ಹಾಕಿ

ಕೇಸ್ ಸ್ಟಡಿ ಇರುವ ದಿನ ಎಷ್ಟೋ ತರಗತಿಗಳಲ್ಲಿ ನಡೆಯುವುದು ಒಂದೇ. ಮೇಷ್ಟ್ರು ನಾಲ್ಕು ಪುಟದ ಜೆರಾಕ್ಸ್ ಹಂಚುತ್ತಾರೆ. ಒಬ್ಬರು ಎದ್ದು ಓದುತ್ತಾರೆ, ಉಳಿದವರು ಹೈಲೈಟರ್‌ನಲ್ಲಿ ಗೆರೆ ಎಳೆಯುತ್ತಾರೆ. ಕೊನೆಗೆ ಮೇಷ್ಟ್ರ ಬಾಯಿಂದ ಬಂದ ‘ಸರಿ ಉತ್ತರ’ ನೋಟ್ಸಿಗೆ ಇಳಿಯುತ್ತದೆ. ಇಷ್ಟಕ್ಕೇ ಆದರೆ ಕೇಸ್ ಯಾಕೆ, ಮಾಮೂಲಿ ಪಾಠವೇ ಸಾಕಿತ್ತು. ಕೇಸ್‌ನಲ್ಲಿ ಯಾರೋ ಒಬ್ಬರು ಇಂತಿಷ್ಟು ದಿನದೊಳಗೆ ತೀರ್ಮಾನ ಮಾಡಲೇಬೇಕಾದ ಜಾಗಕ್ಕೆ ಬಂದು ನಿಂತಿರುತ್ತಾರೆ, ಅವರ ಕೈಯಲ್ಲಿರುವ ಮಾಹಿತಿ ಅರೆಬರೆ. ನೀವು ಅವರ ಜಾಗದಲ್ಲಿ ಕೂತು ಒಂದು ನಿಲುವಿಗೆ ಬಂದು ಅದನ್ನು ನಾಲ್ಕು ಜನರ ಮುಂದೆ ಸಮರ್ಥಿಸಬೇಕು. ಕಲಿಕೆಯ ಬಹುಪಾಲು ತರಗತಿಗೆ ಬರುವ ಮುಂಚೆಯೇ, ಒಬ್ಬರೇ ಕೂತು ಲೆಕ್ಕ ಹಾಕುವಾಗ ಆಗಿರುತ್ತದೆ. ಅದನ್ನು ಬಿಟ್ಟು ಬಂದವರಿಗೆ ಚರ್ಚೆ ಬರೀ ಹರಟೆಯಂತೆ ಕಾಣುವುದು ಸಹಜ.

ಈ ಪದ್ಧತಿ ಹೊಸದೇನಲ್ಲ. 1870ರಲ್ಲಿ ಹಾರ್ವರ್ಡ್‌ನ ಕಾನೂನು ಶಾಲೆಗೆ ಬಂದ ಕ್ರಿಸ್ಟೋಫರ್ ಲ್ಯಾಂಗ್‌ಡೆಲ್ ಕೋರ್ಟಿನ ತೀರ್ಪುಗಳನ್ನೇ ಪಠ್ಯವಾಗಿಟ್ಟು ಪಾಠ ಮಾಡಿದರು. 1920ರ ದಶಕದಲ್ಲಿ ಅಲ್ಲಿನ ಬಿಸಿನೆಸ್ ಸ್ಕೂಲ್ ಅದನ್ನು ವ್ಯವಹಾರದ ಪಾಠಕ್ಕೆ ಒಗ್ಗಿಸಿಕೊಂಡಿತು. 1961ರಲ್ಲಿ ಶುರುವಾದ ಅಹಮದಾಬಾದಿನ ಐಐಎಂ ಮೂಲಕ ಅದು ನಮ್ಮಲ್ಲೂ ಬೇರೂರಿತು. ಕಾನೂನಿನ ಕೇಸ್‌ನಲ್ಲಿ ತೀರ್ಪು ಬಂದಾಗಿರುತ್ತದೆ. ವ್ಯವಹಾರದ ಕೇಸ್ ಸಾಮಾನ್ಯವಾಗಿ ತೀರ್ಮಾನಕ್ಕೆ ಒಂದು ಹೆಜ್ಜೆ ಮುಂಚೆಯೇ ನಿಲ್ಲುತ್ತದೆ.

ಎರಡು ಸಲ ಓದಿ, ಎರಡು ರೀತಿ ಓದಿ

ಮೊದಲ ಓದಿಗೆ ಹದಿನೈದು ನಿಮಿಷ ಸಾಕು. ಪೆನ್ನು ಕೆಳಗಿಡಿ. ಮೊದಲ ಪ್ಯಾರಾ, ಕೊನೆಯ ಪ್ಯಾರಾ, ಕೊನೆಗಿರುವ ಕೋಷ್ಟಕಗಳ ತಲೆಬರಹ, ಆಮೇಲೆ ನಡುವಿನದ್ದನ್ನು ಓಡುನೋಟದಲ್ಲಿ ನೋಡಿ. ತೀರ್ಮಾನ ಮಾಡಬೇಕಾದವರು ಯಾರು, ಯಾವುದರ ಬಗ್ಗೆ, ಎಷ್ಟು ದಿನದೊಳಗೆ? ಇದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಕಂಪನಿಯ ಸಮಸ್ಯೆಗಳನ್ನು ಚರ್ಚಿಸುವುದು’ ಎಂದು ಬರೆದರೆ ಕೇಸ್ ಇನ್ನೂ ಅರ್ಥವಾಗಿಲ್ಲ ಎಂದೇ ಲೆಕ್ಕ. ಕನ್ನಡ ಮಾಧ್ಯಮದಿಂದ ಬಂದವರು ಈ ವಾಕ್ಯವನ್ನು ಕನ್ನಡದಲ್ಲೇ ಬರೆದುಕೊಳ್ಳಲಿ. ಇಂಗ್ಲಿಷ್ ಕೇಸ್‌ನಲ್ಲಿ ಎಡವುವುದು ಹೆಚ್ಚಾಗಿ ವರ್ಕಿಂಗ್ ಕ್ಯಾಪಿಟಲ್ (ದಿನದ ವ್ಯವಹಾರ ನಡೆಸಲು ಬೇಕಾದ ಹಣ), ಮಾರಾಟ ಎಷ್ಟಾದರೂ ಬದಲಾಗದ ಖರ್ಚು ಎನ್ನುವ ಫಿಕ್ಸೆಡ್ ಕಾಸ್ಟ್‌ನಂಥ ಎಂಟು ಹತ್ತು ಪದಗಳ ಹತ್ತಿರ. ಅವನ್ನು ಮೊದಲೇ ತಿಳಿದುಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಎರಡನೆಯ ಓದು ನಿಧಾನ, ಪೆನ್ಸಿಲ್ ಸಮೇತ. ಅಂಚಿನಲ್ಲಿ ಮೂರೇ ಗುರುತು ಹಾಕಿ: ಸಂಗತಿಗೆ ‘ಸಂ’, ಅಭಿಪ್ರಾಯಕ್ಕೆ ‘ಅ’, ಊಹೆಗೆ ‘ಊ’. ‘ಅ’ ಹಾಕಿದ ಕಡೆಯೆಲ್ಲ ಅದನ್ನು ಹೇಳಿದವರು ಯಾರು, ಹಾಗೆ ಹೇಳುವುದರಿಂದ ಅವರಿಗೇನು ಲಾಭ ಎಂದು ಕೇಳಿಕೊಳ್ಳಿ.

ಒಂದು ಮೆಕ್ಕೆಜೋಳದ ಕೇಸ್

ದಾವಣಗೆರೆ ಸೀಮೆಯವರಿಗೆ ಪರಿಚಯದ ವಿಷಯವನ್ನೇ ತೆಗೆದುಕೊಳ್ಳೋಣ. ಅಂಕಿಗಳು ಅಭ್ಯಾಸಕ್ಕೆ ಇಟ್ಟುಕೊಂಡವು, ಇವತ್ತಿನ ಧಾರಣೆಯಲ್ಲ.

ಮಾಯಕೊಂಡದ ಕಡೆಯ ಒಬ್ಬ ರೈತರ ಕಣದಲ್ಲಿ 100 ಕ್ವಿಂಟಲ್ ಮೆಕ್ಕೆಜೋಳ ಬಿದ್ದಿದೆ. ತೇವಾಂಶ ಶೇ 20. ವ್ಯಾಪಾರಿ ಕಣಕ್ಕೇ ಬಂದು ಕ್ವಿಂಟಲ್‌ಗೆ 1,900 ರೂಪಾಯಿ ಕೊಡುತ್ತೇನೆ, ನಾಳೆಯೊಳಗೆ ಹೇಳಿ ಎಂದಿದ್ದಾರೆ. ‘ಮುಂದೆ ರೇಟು ಇನ್ನೂ ಇಳೀತದೆ ಗೌಡ್ರೇ’ ಎನ್ನುವುದು ಅವರ ಮಾತು. ‘ಮೂರು ತಿಂಗಳು ತಡೆದರೆ 2,200 ಗ್ಯಾರಂಟಿ ಮಾವ’ ಎನ್ನುವುದು ಭಾಮೈದನ ಮಾತು. ಒಣಗಿಸಲು ಕೂಲಿ 4,000 ರೂಪಾಯಿ. ಗೋದಾಮಿನ ಬಾಡಿಗೆ ಕ್ವಿಂಟಲ್‌ಗೆ ತಿಂಗಳಿಗೆ 8 ರೂಪಾಯಿ. ಚೀಲಕ್ಕೆ 25 ರೂಪಾಯಿ, ಒಂದು ಚೀಲಕ್ಕೆ 50 ಕೆ.ಜಿ. ಬಿತ್ತನೆಗೆಂದು ತಂದ ಒಂದು ಲಕ್ಷ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಮಾರಬೇಕೇ, ತಡೆಯಬೇಕೇ?

ಲೆಕ್ಕ ಹಾಕದೆ ಬಂದವರು ಹೇಳುವ ಉತ್ತರ: 300 ರೂಪಾಯಿ ಹೆಚ್ಚು, 100 ಕ್ವಿಂಟಲ್, ಅಂದರೆ 30,000 ಲಾಭ, ತಡೆಯಲಿ. ಇಲ್ಲಿ ತಪ್ಪುವುದು ಗುಣಾಕಾರವಲ್ಲ, ತೂಕ. ಗೋದಾಮಿನಲ್ಲಿಡಲು ಕಾಳು ಶೇ 14ಕ್ಕಾದರೂ ಒಣಗಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಶೇ 20 ತೇವದ 100 ಕ್ವಿಂಟಲ್‌ನಲ್ಲಿ ಒಣ ಭಾಗ 80 ಕ್ವಿಂಟಲ್. ಒಣಗಿದ ಮೇಲೆ ಆ 80 ಎನ್ನುವುದು ಒಟ್ಟು ತೂಕದ ಶೇ 86. ಹಾಗಾಗಿ 80ನ್ನು 0.86ರಿಂದ ಭಾಗಿಸಿದರೆ ಸುಮಾರು 93 ಕ್ವಿಂಟಲ್. ಏಳು ಕ್ವಿಂಟಲ್ ಬಿಸಿಲಿಗೆ ಹೋಯಿತು. 20ರಲ್ಲಿ 14 ಕಳೆದು ‘ಆರು ಕ್ವಿಂಟಲ್ ಕಮ್ಮಿ’ ಎನ್ನುವವರೂ ಇದ್ದಾರೆ, ಅದೂ ತಪ್ಪು. ಇದರ ಮೇಲೆ ಮೂರು ತಿಂಗಳಲ್ಲಿ ಹುಳ, ಇಲಿ ಎಂದು ಶೇ 2 ಹಿಡಿಯಿರಿ, ಇದು ನಮ್ಮ ಊಹೆ. ಮಾರಲು ಉಳಿಯುವುದು 91.14 ಕ್ವಿಂಟಲ್.

ಈಗ ಖರ್ಚು. ಕೂಲಿ 4,000, ಬಾಡಿಗೆ 2,232, 186 ಚೀಲಕ್ಕೆ 4,650, ಕಾಳು ಮಾರುವ ತನಕ ಸಾಲ ತೀರದ್ದರಿಂದ ಮೂರು ತಿಂಗಳ ಬಡ್ಡಿ 6,000. ಒಟ್ಟು 16,882 ರೂಪಾಯಿ. ಭಾಮೈದ ಹೇಳಿದ 2,200 ಬಂದೇ ಬಂತು ಎಂದುಕೊಂಡರೂ 2,00,508 ರೂಪಾಯಿಯಲ್ಲಿ ಖರ್ಚು ಕಳೆದು ಕೈಗೆ ಬರುವುದು 1,83,626. ಇವತ್ತೇ ಮಾರಿದರೆ 1,90,000! ತಡೆದು ಆರು ಸಾವಿರ ಚಿಲ್ಲರೆ ಕಳೆದುಕೊಂಡಂತಾಯಿತು. ಎಷ್ಟು ಬೆಲೆ ಬಂದರೆ ಸರಿಸಮ? 1,90,000ಕ್ಕೆ ಖರ್ಚು ಕೂಡಿಸಿ 91.14ರಿಂದ ಭಾಗಿಸಿ: ಸುಮಾರು 2,270 ರೂಪಾಯಿ.

ಈ 2,270 ಎಂಬ ಅಂಕಿ ಕೈಯಲ್ಲಿದ್ದರೆ ಚರ್ಚೆಯ ದಿಕ್ಕೇ ಬದಲಾಗುತ್ತದೆ. ‘ರೇಟು ಏರುತ್ತದೆಯೇ’ ಎಂಬ ಗಾಳಿಮಾತು ಹೋಗಿ ‘370 ರೂಪಾಯಿ ಏರುತ್ತದೆಯೇ, ಏರುತ್ತದೆ ಎನ್ನಲು ಆಧಾರವೇನು’ ಎಂಬ ಪ್ರಶ್ನೆ ಬರುತ್ತದೆ. ಹಿಂದಿನ ವರ್ಷಗಳ ಎಪಿಎಂಸಿ ಧಾರಣೆ ಹುಡುಕುವ ಕೆಲಸ ಆಗ ತಾನಾಗಿ ಹುಟ್ಟುತ್ತದೆ.

ಮೂರನೆಯ ದಾರಿ ಹುಡುಕಿ

ಕೇಸ್ ಬರೆದವರು ಎರಡು ದಾರಿ ಎದುರಿಗಿಟ್ಟರೆ ವಿದ್ಯಾರ್ಥಿಗಳು ಆ ಎರಡರಲ್ಲೇ ಜಗ್ಗಾಡುತ್ತಾರೆ. ಕನಿಷ್ಠ ಮೂರು ದಾರಿ ಬರೆಯುವ ನಿಯಮ ಇಟ್ಟುಕೊಳ್ಳಿ. ಇಲ್ಲಿ ಅರ್ಧ ಮಾರಿ ಅರ್ಧ ತಡೆದರೆ? 50 ಕ್ವಿಂಟಲ್‌ಗೆ ಬರುವ 95,000ದಲ್ಲಿ ಸಾಲ ಬಹುಪಾಲು ತೀರುತ್ತದೆ, ಉಳಿದ 5,000ಕ್ಕೆ ಮೂರು ತಿಂಗಳ ಬಡ್ಡಿ 300 ಮಾತ್ರ. ಕೂಲಿಯನ್ನೂ ಅರ್ಧ ಹಿಡಿದು ಉಳಿದ 50 ಕ್ವಿಂಟಲ್‌ಗೆ ಮೇಲಿನಂತೆಯೇ ಲೆಕ್ಕ ಹಾಕಿದರೆ ಸರಿಸಮದ ಬೆಲೆ ಸುಮಾರು 2,211ಕ್ಕೆ ಇಳಿಯುತ್ತದೆ. ಕ್ವಿಂಟಲ್‌ಗೆ 59 ರೂಪಾಯಿ ಇಳಿಸಿದ್ದು ಕಾಳಲ್ಲ, ಕೈಸಾಲ. ಹೀಗೆ ಹೊರಗೆ ಮೆಕ್ಕೆಜೋಳದ ಬೆಲೆಯಂತೆ ಕಂಡ ಕೇಸ್ ಅರ್ಧಕ್ಕರ್ಧ ಬಡ್ಡಿಯ ಕೇಸ್ ಆಗಿರುತ್ತದೆ. ಕೈಸಾಲದ ಬದಲು ಗೋದಾಮಿನ ರಸೀದಿ ಅಡವಿಟ್ಟು ವರ್ಷಕ್ಕೆ ಶೇ 9ರ ಸಾಲ ಸಿಕ್ಕರೆ ಪೂರ್ತಿ ತಡೆಯುವ ದಾರಿ ಏನಾಗುತ್ತದೆ ಎಂಬುದನ್ನು ನೀವೇ ಹಾಕಿ ನೋಡಿ. ಉತ್ತರ 2,229ರ ಆಸುಪಾಸು ಬರಬೇಕು.

ಕೊನೆಗೆ ಅರ್ಧ ಪುಟದಲ್ಲಿ ನಿಮ್ಮ ನಿಲುವು ಬರೆಯಿರಿ: ಏನು ಮಾಡಬೇಕು, ಯಾವ ಎರಡು ಅಂಕಿಗಳ ಆಧಾರದ ಮೇಲೆ, ಯಾವ ಊಹೆ ತಪ್ಪಿದರೆ ನಿಲುವು ಬಿದ್ದುಹೋಗುತ್ತದೆ. ‘ಇನ್ನಷ್ಟು ಮಾಹಿತಿ ಬೇಕು’ ಎಂದು ಮುಗಿಸುವುದು ಜಾರಿಕೊಳ್ಳುವ ದಾರಿ. ವ್ಯಾಪಾರಿ ನಾಳೆ ಬರುತ್ತಾರೆ, ನಿಮಗಾಗಿ ಕಾಯುವುದಿಲ್ಲ. ಕೇಸ್‌ನ ಉತ್ತರವನ್ನು ಮೊಬೈಲ್‌ನಲ್ಲಿ ಹುಡುಕುವುದೂ ಅಷ್ಟೇ. ಆಮೇಲೆ ಏನಾಯಿತು ಎಂದು ಗೊತ್ತಾದ ಕೂಡಲೇ ತಲೆ ಅದಕ್ಕೆ ತಕ್ಕ ಕಾರಣಗಳನ್ನೇ ಪೋಣಿಸತೊಡಗುತ್ತದೆ. ಒಳ್ಳೆಯ ತೀರ್ಮಾನಕ್ಕೂ ಕೆಟ್ಟ ಫಲ ಬರಬಹುದು, ಮಳೆಯನ್ನು ಯಾರು ಕಂಡವರು?

ಗುಂಪು, ತರಗತಿ

ಗುಂಪಿನಲ್ಲಿ ನಾಲ್ಕರಿಂದ ಆರು ಜನ, ಅರ್ಧ ಗಂಟೆ ಸಾಕು. ಹಾಳಾಗುವುದು ವಾಟ್ಸ್ಆ್ಯಪ್‌ನಲ್ಲಿ: ‘ನೀನು ಮೊದಲ ಎರಡು ಪುಟ ನೋಡು, ನಾನು ಕೋಷ್ಟಕ ನೋಡ್ತೀನಿ.’ ಹೀಗೆ ಪಾಲು ಮಾಡಿಕೊಂಡರೆ ಪೂರ್ತಿ ಕೇಸ್ ಯಾರ ತಲೆಯಲ್ಲೂ ಇರುವುದಿಲ್ಲ. ಎಲ್ಲರೂ ಎಲ್ಲ ಓದಿ, ತಮ್ಮ ಅರ್ಧ ಪುಟ ಬರೆದು ತಂದ ಮೇಲೆಯೇ ಕೂಡಬೇಕು. ಗುಂಪು ಒಮ್ಮತಕ್ಕೆ ಬರಲೇಬೇಕೆಂದೇನಿಲ್ಲ. ಲೆಕ್ಕ ತಾಳೆ ನೋಡಿಕೊಂಡು, ಯಾರ ಊಹೆ ಎಲ್ಲಿ ಬೇರೆಯಾಯಿತು ಎಂದು ಗುರುತಿಸಿದರೆ ಆಯಿತು.

ತರಗತಿಯಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವ ಮೂವರೇ ಮಾತಾಡುವುದು ನಮ್ಮ ಕಡೆಯ ದೊಡ್ಡ ತೊಡಕು. ಕನ್ನಡದಲ್ಲಿ ಹೇಳಲು ಬಿಡುವ ಮೇಷ್ಟ್ರ ತರಗತಿಯಲ್ಲಿ ಹಿಂದಿನ ಬೆಂಚಿನಿಂದಲೂ ಅಂಕಿ ಬರುತ್ತದೆ. ಮಾತಿಗೆ ಹೆದರುವವರು ಒಂದು ಅಂಕಿ ಹಿಡಿದುಕೊಂಡು ಮೊದಲ ಹತ್ತು ನಿಮಿಷದಲ್ಲೇ ಬಾಯಿ ತೆರೆಯಲಿ: ‘ಸರ್, ಒಣಗಿದ ಮೇಲೆ ತೂಕ 93 ಆಗ್ತದೆ, ಅವರು 100 ಹಿಡಿದಿದಾರೆ.’ ತಡವಾದಷ್ಟೂ ನಿಮ್ಮ ಮಾತನ್ನು ಬೇರೆಯವರು ಆಡಿ ಮುಗಿಸಿರುತ್ತಾರೆ. ಮನೆಗೆ ಹೋದ ಮೇಲೆ, ಅದೇ ದಿನ, ಯಾರ ಯಾವ ಮಾತಿನಿಂದ ನಿಮ್ಮ ನಿಲುವು ಅಲುಗಿತು ಎಂದು ಐದು ಸಾಲು ಬರೆಯಿರಿ. ಮೇಷ್ಟ್ರು ಬೋರ್ಡಿನಲ್ಲಿ ಬರೆದದ್ದಕ್ಕಿಂತ ಇದೇ ಮುಂದೆ ಉಪಯೋಗಕ್ಕೆ ಬರುವುದು.

ಪರೀಕ್ಷೆಯ ಕೇಸ್ ಬೇರೆ ಜಾತಿ. ಸಮಯ ಕಡಿಮೆ, ಕೇಸ್ ಚಿಕ್ಕದು. ಕೇಸ್‌ನ ಕಥೆಯನ್ನೇ ತಿರುಗಿಸಿ ಬರೆದು ಒಂದೂವರೆ ಪುಟ ತುಂಬಿಸುವುದಕ್ಕೆ ಅಂಕ ಸಿಗುವುದಿಲ್ಲ. ಮೊದಲ ಎರಡು ಸಾಲಿನಲ್ಲೇ ತೀರ್ಮಾನ ಬರಲಿ, ಆಮೇಲೆ ಲೆಕ್ಕ, ಆಮೇಲೆ ಕೈಬಿಟ್ಟ ದಾರಿಗಳು ಮತ್ತು ಅವನ್ನು ಕೈಬಿಟ್ಟ ಕಾರಣ.

ನಿಮ್ಮೂರಿನ ಕೇಸ್ ನೀವೇ ಬರೆಯಿರಿ

ನಾಲ್ಕಾರು ಕೇಸ್ ಪಳಗಿದ ಮೇಲೆ ಒಂದನ್ನು ನೀವೇ ಕಟ್ಟಿ ನೋಡಿ. ಇಲ್ಲಿ ವಸ್ತುವಿಗೆ ಬರವಿಲ್ಲ: ದಾವಣಗೆರೆಯ ಮಂಡಕ್ಕಿ ಭಟ್ಟಿ, ಬೆಣ್ಣೆ ದೋಸೆ ಹೋಟೆಲು, ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲು, ಮೊಳಕಾಲ್ಮೂರಿನ ಸೀರೆ ಮಗ್ಗ. ಬೆಣ್ಣೆಯ ಬೆಲೆ ಏರಿದಾಗ ದೋಸೆಯ ರೇಟು ಏರಿಸುವುದೋ, ಬೆಣ್ಣೆ ಕಮ್ಮಿ ಮಾಡುವುದೋ? ಇಷ್ಟಿದ್ದರೆ ಒಂದು ಕೇಸ್‌ಗೆ ಸಾಕು. ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ, ಹೇಳಿ ಕೇಳಿ ಹೋಗಿ. ‘ಲಾಭ ಎಷ್ಟು’ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ‘ಒಂದು ಕೆ.ಜಿ. ಬೆಣ್ಣೆಗೆ ಎಷ್ಟು ದೋಸೆ ಬರ್ತವೆ, ಸೌದೆ ದಿನಕ್ಕೆ ಎಷ್ಟು ಬೇಕು’ ಎಂದು ಕೇಳಿ, ಖುಷಿಯಿಂದ ಹೇಳುತ್ತಾರೆ. ಎರಡು ಪುಟ, ಒಂದು ಕೋಷ್ಟಕ ಮೀರಬೇಡಿ. ಹೆಸರು, ಊರು ಬದಲಿಸಿ. ಮಾಲೀಕರು ಕೊನೆಗೆ ಏನು ಮಾಡಿದರು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದು ಮೇಷ್ಟ್ರ ಕೈಗೆ ಮಾತ್ರ ಕೊಡಿ. ತರಗತಿಗೆ ಹಂಚುವ ಮುಂಚೆ ಮಾಲೀಕರಿಗೆ ಒಮ್ಮೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಅಂಕಿ ತಪ್ಪಿದ್ದರೆ ಅವರೇ ತಿದ್ದುತ್ತಾರೆ.